ಬೆಟ್ಟದ ಕೆಳಗೆ ನಿಂತು ಬರೆದ ಚಿತ್ರಗಳು

ಸಾವನದುರ್ಗದ ಉತ್ತರಕ್ಕೆ, ಒಂದು ರಾಗಿ ಹೊಲದ ಬದುವಿನ ಮೇಲೆ ನಿಂತಿದ್ದೆ. ಡಿಸೆಂಬರ್ ತಿಂಗಳು. ರಾಗಿ ಕುಯ್ದಾಗಿತ್ತು, ಕೂಳೆ ಕಾಲಿಗೆ ಚುಚ್ಚುತ್ತಿತ್ತು. ಕೈಯಲ್ಲಿ ಒಂದು ಹಾಳೆ ಇತ್ತು. ರಾಬರ್ಟ್ ಹೋಮ್ ಎಂಬ ಇಂಗ್ಲಿಷ್ ಚಿತ್ರಕಾರ 1791ರ ಡಿಸೆಂಬರ್‌ನಲ್ಲಿ ಇದೇ ಬೆಟ್ಟವನ್ನು ಇದೇ ಕಡೆಯಿಂದ ನೋಡಿ ಬರೆದ ಚಿತ್ರ. ಲಂಡನ್ನಿನಲ್ಲಿ 1794ರಲ್ಲಿ ಅದು ಅಚ್ಚಾಯಿತು. ಇಂಟರ್ನೆಟ್‌ನಲ್ಲಿ ಸಿಕ್ಕ ಅದರ ಪ್ರತಿಯನ್ನು ಮಾಗಡಿಯ ಒಂದು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿಕೊಂಡು ಬಂದಿದ್ದೆ.

ಜೊತೆಗೆ ನನ್ನ ಸೋದರಮಾವ ಇದ್ದರು. ಅಮ್ಮನ ತವರು ಆ ಕಡೆಯದೇ. ಮಾವನಿಗೆ ಅರವತ್ತೈದು ದಾಟಿದೆ. ಚಿಕ್ಕಂದಿನಲ್ಲಿ ದನ ಹೊಡೆದುಕೊಂಡು ಆ ಬೆಟ್ಟದ ಬುಡವನ್ನೆಲ್ಲ ಸುತ್ತಿದವರು. ಹಾಳೆಯನ್ನು ನನ್ನ ಕೈಯಿಂದ ಇಸ್ಕೊಂಡು ಕಣ್ಣಿಗೆ ಹತ್ತಿರ ಹಿಡಿದರು, ಆಮೇಲೆ ದೂರ ಹಿಡಿದರು, ಬೆಟ್ಟ ನೋಡಿದರು.

"ಬೆಟ್ಟ ಸರಿಯಾಗೇ ಬರ್ದವ್ನೆ ಕಣವ್ವ. ಆ ಹೆಗಲು ನೋಡು, ಅಲ್ಲಿ ಇಳಿಯೋದು, ಎಲ್ಲ ಹಂಗೇ ಐತೆ," ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಆದ್ರೆ ಇದನ್ನ ಬರೆಯೋವಾಗ ಅವನು ಮೇಲಕ್ಕೆ ಹತ್ತಿರಲಿಲ್ಲ ಬಿಡು," ಅಂದರು.

"ಅದು ಹೇಗೆ ಗೊತ್ತಾಯ್ತು ಮಾವ?"

"ಇದು ಬೆಟ್ಟಕ್ಕೆ ಹೆದ್ರಿಕೊಂಡು ನೋಡಿರೋ ಕಣ್ಣು. ಮೇಲೇನೈತೆ ಅಂತ ಗೊತ್ತಿರೋನು ಹಿಂಗೆ ನೋಡಲ್ಲ."

ಈ ಮಾತು ಆವತ್ತಿನಿಂದ ನನ್ನ ತಲೆಯಲ್ಲಿ ಕೂತಿದೆ. ಎರಡು ವರ್ಷದಿಂದ ನಮ್ಮ ಕಡೆಯ ಕೋಟೆಗಳ ಹಳೇ ಚಿತ್ರಗಳನ್ನು ಹುಡುಕಿ ಹುಡುಕಿ ನೋಡುತ್ತಿದ್ದೇನೆ. ಪ್ರತಿ ಸಲವೂ ಮೊದಲು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಇದನ್ನು ಬರೆದವನು ಎಲ್ಲಿ ನಿಂತಿದ್ದ?

ಹೋಮ್ ನಿಂತಿದ್ದು ಸೈನ್ಯದ ಜೊತೆ. ಅವನು 1791ರ ಶುರುವಿನಲ್ಲಿ ಮದ್ರಾಸಿಗೆ ಬಂದು ಇಳಿದ. ಅದೇ ವರ್ಷ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಲಾರ್ಡ್ ಕಾರ್ನ್‌ವಾಲಿಸ್ ಟಿಪ್ಪು ಸುಲ್ತಾನನ ಮೇಲೆ ದಂಡೆತ್ತಿ ಮೈಸೂರು ಸೀಮೆಗೆ ಬಂದ. ಹೋಮ್ ಆ ದಂಡಿನ ಜೊತೆ ಸೇರಿಕೊಂಡ. ಸೈನ್ಯ ಡೇರೆ ಹಾಕಿದಲ್ಲಿ ಅವನೂ ಕೂತ, ಎದುರಿಗೆ ಕಂಡ ದುರ್ಗಗಳನ್ನು ಬರೆದ. ರಾಬರ್ಟ್ ಕೋಲ್‌ಬ್ರೂಕ್ ಎಂಬ ಇನ್ನೊಬ್ಬನೂ ಅಲ್ಲಿದ್ದ. ಅವನು ಸರ್ವೇಯರ್. ಮೂರನೆಯವನು ಜೇಮ್ಸ್ ಹಂಟರ್, ಫಿರಂಗಿ ದಳದ ಲೆಫ್ಟಿನೆಂಟ್. ಹಂಟರ್ 1792ರಲ್ಲೇ ತೀರಿಕೊಂಡ. ಅವನ ಚಿತ್ರಗಳು ಅಚ್ಚಾಗಿದ್ದು ಅವನು ಸತ್ತು ಹತ್ತು ವರ್ಷ ಕಳೆದ ಮೇಲೆ.

ಫಿರಂಗಿಯವನು ಯಾಕೆ ಚಿತ್ರ ಬರೆಯುತ್ತಾನೆ ಅಂತ ಮೊದಲು ನನಗೆ ಆಶ್ಚರ್ಯವಾಗಿತ್ತು. ಆಗ ಅದು ಅವರ ಕೆಲಸದ ಒಂದು ಭಾಗವೇ ಆಗಿತ್ತು. ಬ್ರಿಟನ್ನಿನ ಫಿರಂಗಿ ದಳದ ಹುಡುಗರನ್ನು ತಯಾರು ಮಾಡುತ್ತಿದ್ದ ವುಲ್ವಿಚ್ ಶಾಲೆಯಲ್ಲಿ ಚಿತ್ರ ಬರೆಯುವುದು ಒಂದು ಪಾಠ. ಪಾಲ್ ಸ್ಯಾಂಡ್‌ಬಿ ಎಂಬ ದೊಡ್ಡ ಚಿತ್ರಕಾರ ಅಲ್ಲಿ ಮೇಷ್ಟ್ರಾಗಿದ್ದ. ಕ್ಯಾಮೆರಾ ಇಲ್ಲದ ಕಾಲ. ಗೋಡೆ ಎಷ್ಟು ಎತ್ತರ, ಬುರುಜು ಎಲ್ಲಿ ಮುಂದೆ ಚಾಚಿದೆ, ಕಂದಕ ಎಲ್ಲಿ ಆಳ ಕಡಿಮೆ, ಬಂಡೆ ಎಲ್ಲಿ ಹತ್ತೋಕೆ ಬರುತ್ತೆ, ಇದೆಲ್ಲ ಒಂದು ಹಾಳೆಗೆ ಇಳಿಯಬೇಕಿತ್ತು. ನಾವು ಇವತ್ತು ಗೋಡೆಗೆ ನೇತುಹಾಕುವ ಚೆಂದದ ಚಿತ್ರದ ಬೇರು ಅಲ್ಲಿದೆ. ಕೋಟೆಯನ್ನು ಒಡೆಯಬೇಕಾದ ಕಣ್ಣೇ ಅದನ್ನು ಇಷ್ಟು ಗಮನವಿಟ್ಟು ನೋಡಿದೆ. ಇದು ಗೊತ್ತಾದ ಮೇಲೂ ನನಗೆ ಆ ಚಿತ್ರಗಳ ಮೇಲಿನ ಪ್ರೀತಿ ಕಡಿಮೆಯಾಗಲಿಲ್ಲ. ಆದರೆ ನೋಡುವ ರೀತಿ ಬದಲಾಯಿತು.

ಸಾವನದುರ್ಗದ್ದೇ ತೆಗೆದುಕೊಳ್ಳಿ. ಬೆಟ್ಟ ಅಂದರೆ ಒಂದೇ ಬಂಡೆ, ಸಮುದ್ರಮಟ್ಟದಿಂದ 1,226 ಮೀಟರ್. ಕರಿಗುಡ್ಡ, ಬಿಳಿಗುಡ್ಡ ಅಂತ ಎರಡು ತಲೆ. ಆಗ ಸುತ್ತಲೂ ಬಿದಿರು, ಮುಳ್ಳಿನ ದಟ್ಟ ಕಾಡು. ಆ ಕಾಡಿನ ಜ್ವರವೇ ಕೋಟೆಗೆ ಅರ್ಧ ಕಾವಲು. ಹೆಸರಿನಲ್ಲಿ 'ಸಾವು' ಇದೆ ಅಂತ ಇಂಗ್ಲಿಷರು ಇದನ್ನು ಸಾವಿನ ಬಂಡೆ ಅಂತಲೇ ಕರೆದರು. 1791ರ ಡಿಸೆಂಬರ್ 10ಕ್ಕೆ ಮುತ್ತಿಗೆ ಶುರು. ಕಾಡು ಕಡಿದು, ದಾರಿ ಮಾಡಿ, ತೋಪುಗಳನ್ನು ಎಳೆದು ತಂದರು. 17ಕ್ಕೆ ಗುಂಡು ಹಾರಿಸಲು ಶುರು ಮಾಡಿದರು. 21ನೇ ತಾರೀಕು ಬೆಳಗ್ಗೆ ಬ್ಯಾಂಡ್ ಬಾರಿಸಿಕೊಂಡು ಏರಿ ಹೋದರು. ಸುಮಾರು ಒಂದು ಗಂಟೆಯಲ್ಲಿ ಮುಗಿಯಿತು. ಯಾರಿಂದಲೂ ಆಗದು ಅಂತ ನಂಬಿದ್ದ ದುರ್ಗ ಒಂದು ಗಂಟೆಯಲ್ಲಿ ಹೋಯಿತು.

ಆ ಒಂದು ಗಂಟೆಯನ್ನು ಹೋಮ್ ಕೆಳಗಿನಿಂದ ಬರೆದಿದ್ದಾನೆ. ಚಿತ್ರದಲ್ಲಿ ಬಂಡೆಯೇ ಎಲ್ಲ. ಮನುಷ್ಯರು ಸಾಸಿವೆ ಕಾಳಿನಷ್ಟು. ಬಂಡೆಯ ಆ ಕಡೆ ಜಾರಿ ಬಿದ್ದವರು, ಬಾಗಿಲು ಮುಚ್ಚೋಕೆ ಓಡಿದವರು, ಮದ್ದಿನ ಮನೆ ಕಾಯುತ್ತಿದ್ದವನು, ಇವರ್ಯಾರೂ ಆ ದೂರದಿಂದ ಕಾಣುವುದಿಲ್ಲ. ಕಾಣಿಸಲು ಆಗುವುದೂ ಇಲ್ಲ.

ಇಲ್ಲಿ ಒಂದು ಮಾತು. ಇಂಥ ಪ್ರಿಂಟ್ ಹೇಗೆ ತಯಾರಾಗುತ್ತಿತ್ತು ಅಂತ ತಿಳಿದರೆ ಅದನ್ನು ನೋಡುವ ಸುಖ ಜಾಸ್ತಿಯಾಗುತ್ತದೆ. ಚಿತ್ರಕಾರ ಇಲ್ಲಿ ಪೆನ್ಸಿಲ್, ಶಾಯಿ, ನೀರಿನ ಬಣ್ಣದಲ್ಲಿ ಬರೆದ ಹಾಳೆ ಹಡಗಿನಲ್ಲಿ ತಿಂಗಳುಗಟ್ಟಲೆ ಪ್ರಯಾಣ ಮಾಡಿ ಲಂಡನ್ ಸೇರಬೇಕು. ಅಲ್ಲಿ ಇನ್ನೊಬ್ಬ ಕೆತ್ತನೆಗಾರ ಅದನ್ನು ತಾಮ್ರದ ತಗಡಿನ ಮೇಲೆ ಉಲ್ಟಾ ಕೊರೆಯುತ್ತಾನೆ. ಎಡಗಡೆಯ ಬುರುಜು ಬಲಕ್ಕೆ, ಬಲಗಡೆಯ ಮರ ಎಡಕ್ಕೆ. ಗೆರೆಗಳೊಳಗೆ ಶಾಯಿ ತುಂಬಿ, ಮೇಲ್ಮೈ ಒರೆಸಿ, ಒದ್ದೆ ಕಾಗದ ಇಟ್ಟು ಒತ್ತಿದಾಗ ಎಲ್ಲ ಮತ್ತೆ ನೆಟ್ಟಗಾಗುತ್ತದೆ. ಅಕ್ವಾಟಿಂಟ್ ಅನ್ನುವ ಇನ್ನೊಂದು ವಿಧಾನವಿತ್ತು. ತಗಡಿನ ಮೇಲೆ ರಾಳದ ಪುಡಿ ಉದುರಿಸಿ, ಬಿಸಿ ಮಾಡಿ ಅಂಟಿಸಿ, ಆಸಿಡ್‌ನಲ್ಲಿ ಅದ್ದುತ್ತಾರೆ. ಪುಡಿಯ ಸಂದಿಯಲ್ಲಿ ಮಾತ್ರ ತಾಮ್ರ ಕರಗುತ್ತದೆ. ಮೋಡ, ನೆರಳು, ಬಂಡೆಯ ಮೈಯ ನುಣುಪು ಬರುವುದು ಅದರಿಂದ. ಆಮೇಲೆ ಒಂದೊಂದು ಪ್ರತಿಗೂ ಕೈಯಿಂದ ಬಣ್ಣ.

ಅಂದರೆ ನಾವು ನೋಡುವ ಬೆಟ್ಟ ಎರಡು ಕೈ ದಾಟಿ ಬಂದದ್ದು. ಎರಡನೇ ಕೈಯವನು ಮಾಗಡಿಯ ಬಿಸಿಲು ಕಂಡವನಲ್ಲ. ಅದಕ್ಕೇ ಎಷ್ಟೋ ಚಿತ್ರಗಳಲ್ಲಿ ನಮ್ಮ ಆಲ, ಹುಣಸೆ ಮರಗಳು ಯಾವುದೋ ಇಂಗ್ಲಿಷ್ ತೋಪಿನ ಮರದ ಹಾಗೆ ಕಾಣುತ್ತವೆ. ಆದರೂ ಬಂಡೆಯ ಗೆರೆ ತಪ್ಪಿಲ್ಲ. ಇನ್ನೂರು ವರ್ಷದ ಮೇಲೆ ಒಬ್ಬ ರೈತ ಹೊಲದಲ್ಲಿ ನಿಂತು "ಎಲ್ಲ ಹಂಗೇ ಐತೆ" ಅನ್ನುವಷ್ಟು ಸರಿಯಾಗಿದೆ. ಇದು ಸಣ್ಣ ವಿಷಯ ಅಲ್ಲ.

ಹೆಸರುಗಳು ಮಾತ್ರ ನಮ್ಮ ಬಾಯಿಂದ ಅವರ ಕಿವಿಗೆ ಹೋಗುವಷ್ಟರಲ್ಲಿ ಬದಲಾಗಿವೆ. ಸಾವನದುರ್ಗ 'ಸೆವನ್‌ಡ್ರೂಗ್', ಹುತ್ರಿದುರ್ಗ 'ಊಟ್ರಾಡ್ರೂಗ್', ನಂದಿದುರ್ಗ 'ನಂಡಿಡ್ರೂಗ್'. ಹುಡುಕುವವರಿಗೆ ಇದೊಂದು ಕೀಲಿಕೈ. ಕನ್ನಡದ ಹೆಸರು ಹಾಕಿ ಹುಡುಕಿದರೆ ಏನೂ ಸಿಗದು, 'ಡ್ರೂಗ್' ಅಂತ ಹಾಕಿದರೆ ಊರಿಗೆ ಊರೇ ತೆರೆದುಕೊಳ್ಳುತ್ತದೆ. ಲಂಡನ್ನಿನಲ್ಲಿ 'ಸೆವರ್ನ್‌ಡ್ರೂಗ್' ಅಂತ ಒಂದು ಗೋಪುರವೂ ಇದೆ. ಅದು ನಮ್ಮ ಸಾವನದುರ್ಗದ್ದಲ್ಲ, ಕೊಂಕಣದ ಸುವರ್ಣದುರ್ಗ ಗೆದ್ದ ನೆನಪಿನದು. ನಾನೂ ಮೊದಲು ಎರಡನ್ನೂ ಒಂದೇ ಅಂದುಕೊಂಡು ಖುಷಿಪಟ್ಟಿದ್ದೆ.

ಬೆಂಗಳೂರಿನ ಕೋಟೆಗೆ ಬಂದರೆ ಹೊಟ್ಟೆ ಚುರುಕ್ ಅನ್ನುತ್ತದೆ. ಹಂಟರ್‌ನ ಚಿತ್ರಗಳಲ್ಲಿ ದಿಲ್ಲಿ ಬಾಗಿಲು, ಒಳಗಿನ ಅರಮನೆ, ಅರಮನೆಗೆ ಹೋಗುವ ಬೀದಿ ಎಲ್ಲ ಇವೆ. ಇವತ್ತು ಕೋಟೆಗೋಡೆಯಲ್ಲಿ ಉಳಿದಿರುವುದು ಕೆ.ಆರ್. ಮಾರ್ಕೆಟ್ ಹತ್ತಿರ ದಿಲ್ಲಿ ಬಾಗಿಲು ಮತ್ತು ಅದರ ಸುತ್ತ ಒಂದಿಷ್ಟು ಗೋಡೆ. 1791ರ ಮಾರ್ಚ್ 7ರಂದು ಪೇಟೆ ಹೋಯಿತು. ಮಾರ್ಚ್ 21ರ ರಾತ್ರಿ ಬೆಳದಿಂಗಳಲ್ಲಿ ಕೋಟೆಯೂ ಹೋಯಿತು. ಕೋಟೆಯ ಮುಖ್ಯಸ್ಥ, ಕಿಲ್ಲೇದಾರ ಬಹಾದುರ್ ಖಾನ್ ಹೋರಾಡುತ್ತಲೇ ಸತ್ತ. ಗೋಡೆ ಒಡೆದ ಜಾಗದಲ್ಲಿ ಬ್ರಿಟಿಷರು ಹಾಕಿದ ಕಲ್ಲು ಫಲಕ ಈಗಲೂ ಇದೆ. ಈ ಬಿರುಕಿನ ಮೂಲಕ ದಾಳಿ ನಡೆಯಿತು ಅಂತ ತಾರೀಕು ಸಮೇತ ಬರೆದಿದೆ. ಅದರ ಮುಂದೆ ಬಸ್ಸುಗಳು, ಹೂವಿನ ಗಾಡಿಗಳು ಸಾಗುತ್ತಲೇ ಇರುತ್ತವೆ. ಹಂಟರ್‌ನ ಚಿತ್ರವನ್ನು ಫೋನಿನಲ್ಲಿ ತೆಗೆದು ಅಲ್ಲಿ ನಿಂತು ನೋಡಿ ಒಮ್ಮೆ. ಇಲ್ಲಿ ಒಂದು ಊರೇ ಇತ್ತಲ್ವಾ ಅನ್ನಿಸುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಕೋಟೆಯ ಹೊರಗಿನ ಕಥೆ. ನನ್ನನ್ನು ಜಾಸ್ತಿ ಕಾಡುವುದು ಒಳಗಿನದು. ನಮ್ಮ ಪ್ರತಿ ದುರ್ಗವೂ ಒಂದು ಸೆರೆಮನೆ. ಹೊರಗಿನವರು ಬರಬಾರದು ಅಂತ ಕಟ್ಟಿದ ಗೋಡೆ ಒಳಗಿನವರು ಹೋಗಬಾರದು ಅನ್ನುವುದಕ್ಕೂ ಆಗುತ್ತದೆ. ಆದರೆ ಸೆರೆಮನೆಯ ಚಿತ್ರ ಎಲ್ಲಿ?

ಶ್ರೀರಂಗಪಟ್ಟಣಕ್ಕೆ ಹೋದವರೆಲ್ಲ ಬೈಲಿ ಬಂದೀಖಾನೆ ನೋಡಿರುತ್ತೀರಿ. ಕಾವೇರಿಯ ಕಡೆಯ ಕೋಟೆಗೋಡೆಯ ಕೆಳಗೆ, ಇಟ್ಟಿಗೆಯ ತಗ್ಗು ಕಮಾನುಗಳ ನೆಲಮಾಳಿಗೆ. 30.5 ಮೀಟರ್ ಉದ್ದ, 12.2 ಮೀಟರ್ ಅಗಲ. ಮೇಲಿನ ಬತ್ತೇರಿಯಿಂದ ಚಾವಣಿ ಮುರಿದುಕೊಂಡು ಬಿದ್ದ ಒಂದು ತೋಪು ಇನ್ನೂ ಅಲ್ಲೇ ಇದೆ. ಗೋಡೆಯಿಂದ ಕಲ್ಲುಚಪ್ಪಡಿಗಳು ಹೊರಕ್ಕೆ ಚಾಚಿವೆ, ಅವುಗಳಲ್ಲಿ ತೂತುಗಳು. ಸರಪಳಿ ಕಟ್ಟುವುದಕ್ಕೆ ಅನ್ನುತ್ತಾರೆ. ನಾನು ಹೋದ ದಿನ ಯಾವುದೋ ಶಾಲೆಯ ಮಕ್ಕಳು ಬಂದಿದ್ದರು. ಒಂದು ಹುಡುಗಿ ಆ ಕಲ್ಲುಗಳ ನಡುವೆ ಬೆನ್ನು ಕೊಟ್ಟು ನಿಂತು, ಎರಡೂ ಕೈ ಚಾಚಿ, ತೂತು ಮುಟ್ಟುತ್ತಾ ಅಂತ ನೋಡಿದಳು. ಮುಟ್ಟಲಿಲ್ಲ. ನಗುತ್ತಿದ್ದವಳು ಹಾಗೇ ಸುಮ್ಮನಾದಳು. ಕೈ ಇಳಿಸಿ, ಅಂಗೈ ಒರೆಸಿಕೊಂಡು ಬಿಸಿಲಿಗೆ ಓಡಿಹೋದಳು.

ಇಂಗ್ಲಿಷರ ಸೈನ್ಯದ ಕರ್ನಲ್ ವಿಲಿಯಂ ಬೈಲಿ 1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪುವಿಗೆ ಸೋತು ಸೆರೆಯಾದ. 1782ರ ನವೆಂಬರ್‌ನಲ್ಲಿ ಶ್ರೀರಂಗಪಟ್ಟಣದಲ್ಲೇ ಸತ್ತ. ಅವನ ಚಿತ್ರ ಬೇಕಾದರೆ ಅದೇ ಊರಿನಲ್ಲಿರುವ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ಗೆ ಹೋಗಬೇಕು. ಅಲ್ಲಿನ ಗೋಡೆಯ ತುಂಬ ಪೊಲ್ಲಿಲೂರಿನ ಯುದ್ಧವಿದೆ. ಮದ್ದಿನ ಗಾಡಿ ಸಿಡಿಯುತ್ತಿದೆ. ಇಂಗ್ಲಿಷರ ಸೈನ್ಯ ನಡುವೆ ಸಿಕ್ಕಿಕೊಂಡಿದೆ. ಬೈಲಿ ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚಿಕೊಂಡಿದ್ದಾನೆ. ಇದು ಗೆದ್ದವರ ಕಡೆಯಿಂದ ಬರೆದ ಚಿತ್ರ, ಈ ಸಲ ಗೆದ್ದವರು ನಮ್ಮವರು. ಆಮೇಲೆ ವೆಲ್ಲೆಸ್ಲಿಯ ಕಾಲದಲ್ಲಿ, ಡಾಲ್‌ಹೌಸಿಯ ಕಾಲದಲ್ಲಿ ಬ್ರಿಟಿಷರೇ ಮಾಸಿದ್ದಕ್ಕೆ ಮತ್ತೆ ಬಣ್ಣ ಹಚ್ಚಿಸಿದರು. ತಮ್ಮ ಸೋಲಿನ ಚಿತ್ರವನ್ನು ತಾವೇ ಉಳಿಸಿದರು ಅನ್ನುವುದನ್ನು ನಾನು ಗೌರವದಿಂದಲೇ ನೆನೆಯುತ್ತೇನೆ.

ಬೈಲಿಯ ಜೊತೆ ಸೆರೆಯಾದ ಡೇವಿಡ್ ಬೇರ್ಡ್ ಬದುಕಿ ಉಳಿದ. ಕಾಲಿನಲ್ಲಿ ಗಾಯ ಇಟ್ಟುಕೊಂಡು ಮೂರೂವರೆ ವರ್ಷಕ್ಕೂ ಜಾಸ್ತಿ ಶ್ರೀರಂಗಪಟ್ಟಣದ ಸೆರೆಯಲ್ಲಿದ್ದು, 1784ರ ಮಂಗಳೂರು ಒಪ್ಪಂದದ ಮೇಲೆ ಹೊರಬಂದ. 1799ರ ಮೇ 4ರಂದು ಕೋಟೆಯ ಮೇಲಿನ ಕೊನೆಯ ದಾಳಿಯ ಮುಂದಾಳು ಅವನೇ. ಇದು ಲಂಡನ್ನಿನ ಚಿತ್ರಕಾರರಿಗೆ ಹಬ್ಬವಾಯಿತು. ರಾಬರ್ಟ್ ಕೆರ್ ಪೋರ್ಟರ್ ಎಂಬ ಹುಡುಗ, ಇನ್ನೂ ಇಪ್ಪತ್ತಮೂರರ ಆಸುಪಾಸು, ಇಂಡಿಯಾಕ್ಕೆ ಕಾಲಿಡದೆಯೇ ಆರು ವಾರದಲ್ಲಿ 100 ಅಡಿಗೂ ಉದ್ದದ ಚಿತ್ರ ಬರೆದ. 1800ರಲ್ಲಿ ಜನ ದುಡ್ಡು ಕೊಟ್ಟು ನೋಡಿದರು. ಆ ದೊಡ್ಡ ಚಿತ್ರ ಬೆಂಕಿಗೆ ಹೋಯಿತು, ಅದನ್ನು ನೋಡಿ ಕೆತ್ತಿದ ಪ್ರಿಂಟ್‌ಗಳು ಉಳಿದಿವೆ. ಡೇವಿಡ್ ವಿಲ್ಕಿ 1839ರಲ್ಲಿ ಮುಗಿಸಿದ ಚಿತ್ರದಲ್ಲಿ ಬೇರ್ಡ್ ಮೆಟ್ಟಿಲ ಮೇಲೆ ನಿಂತಿದ್ದಾನೆ, ಕೆಳಗೆ ಟಿಪ್ಪುವಿನ ಶವ. ಬೇರ್ಡ್‌ನ ಕಾಲಡಿ ಗೋಡೆಯಲ್ಲಿ ಒಂದು ಸಣ್ಣ ಕಬ್ಬಿಣದ ಸರಳಿನ ಕಿಂಡಿ. ಒಂದು ಕಾಲದಲ್ಲಿ ಅವನಿದ್ದ ಸೆರೆಯ ಗುರುತು ಅದು.

ಆ ಕಿಂಡಿಯನ್ನು ನಾನು ಸ್ಕ್ರೀನ್ ಮೇಲೆ ದೊಡ್ಡದು ಮಾಡಿ ಎಷ್ಟೋ ಸಲ ನೋಡಿದ್ದೇನೆ. ಒಳಗೆ ಬರೀ ಕಪ್ಪು. ಅಷ್ಟು ದೊಡ್ಡ ಚಿತ್ರದಲ್ಲಿ ಸೆರೆಮನೆಗೆ ಸಿಕ್ಕಿದ್ದು ಅಂಗೈ ಅಗಲದ ಜಾಗ.

ಅವತ್ತಿನ ಸೆರೆಯಾಳುಗಳಲ್ಲಿ ಅತಿ ಹೆಚ್ಚು ಸಲ ಚಿತ್ರವಾಗಿ ಅಚ್ಚಾದವರು ಅಂದರೆ ಬಹುಶಃ ಇಬ್ಬರು ಮಕ್ಕಳು. ಟಿಪ್ಪುವಿನ ಮಕ್ಕಳು, ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್. ಒಬ್ಬನಿಗೆ ಹತ್ತು, ಇನ್ನೊಬ್ಬನಿಗೆ ಎಂಟು ವರ್ಷ. ಅರ್ಧ ರಾಜ್ಯ ಮತ್ತು 3 ಕೋಟಿ 30 ಲಕ್ಷ ರೂಪಾಯಿಯ ಒಪ್ಪಂದಕ್ಕೆ ಒತ್ತೆಯಾಳುಗಳಾಗಿ 1792ರ ಫೆಬ್ರವರಿ 26ರಂದು ಅವರನ್ನು ಕಾರ್ನ್‌ವಾಲಿಸ್‌ನ ಡೇರೆಗೆ ಕಳಿಸಿದರು. ಹೋಮ್ ಆಗ ಅಲ್ಲೇ ಇದ್ದ, ಅದನ್ನೂ ಬರೆದ. ಲಂಡನ್ನಿನಲ್ಲಿ ಕೂತು, ಏನನ್ನೂ ನೋಡದೆ ಬರೆದವರು ಇನ್ನೆಷ್ಟೋ ಜನ. ಎಲ್ಲದರಲ್ಲೂ ಕಾರ್ನ್‌ವಾಲಿಸ್ ತಂದೆಯ ಹಾಗೆ ಕೈ ಚಾಚುತ್ತಾನೆ, ಮಕ್ಕಳು ಬಿಳಿ ಮಸ್ಲಿನ್ ಉಟ್ಟು ನಿಂತಿರುತ್ತಾರೆ. ಆ ಮಕ್ಕಳು 1794ರಲ್ಲಿ ವಾಪಸ್ ಬಂದರು. 1799ರ ನಂತರ ಅದೇ ಇಬ್ಬರನ್ನೂ, ಉಳಿದ ಮಕ್ಕಳನ್ನೂ ವೆಲ್ಲೂರಿನ ಕೋಟೆಯಲ್ಲಿಟ್ಟರು. 1806ರಲ್ಲಿ ಅಲ್ಲಿನ ಸಿಪಾಯಿಗಳು ದಂಗೆ ಎದ್ದ ಮೇಲೆ ಕಲ್ಕತ್ತಕ್ಕೆ ಸಾಗಿಸಿದರು. ಮೊದಲ ಚಿತ್ರಕ್ಕೆ ಅಷ್ಟು ಜನ ಕುಂಚ ಹಿಡಿದರು. ಎರಡನೇ ಸೆರೆಗೆ ಆ ಉತ್ಸಾಹ ಯಾರಿಗೂ ಇರಲಿಲ್ಲ.

ಇನ್ನು ನಮ್ಮವರೇ ನಮ್ಮವರನ್ನು ಇಟ್ಟ ಸೆರೆ. ಚಿತ್ರದುರ್ಗದ ಮದಕರಿ ನಾಯಕನನ್ನು 1779ರಲ್ಲಿ ಹೈದರ್ ಹಿಡಿದು ಸಂಸಾರ ಸಮೇತ ಶ್ರೀರಂಗಪಟ್ಟಣಕ್ಕೆ ಕಳಿಸಿದ. ಅವನು ಸತ್ತಿದ್ದೂ ಅಲ್ಲೇ. ದುರ್ಗದ ಬೇಡರನ್ನು, 20,000 ಜನ ಅನ್ನುತ್ತಾರೆ, ಅದೇ ಊರಿಗೆ ಸಾಗಿಸಿ, ಅವರ ಹುಡುಗರನ್ನು ಚೇಲಾ ದಳಕ್ಕೆ, ಅಂದರೆ ಸೆರೆಸಿಕ್ಕ ಹುಡುಗರನ್ನು ಮತಾಂತರಿಸಿ ಕಟ್ಟಿದ ಪಡೆಗೆ, ಸೇರಿಸಿದರು. ಬೈಲಿಗಿಂತ ಒಂದು ವರ್ಷ ಮೊದಲು ಅದೇ ದ್ವೀಪಕ್ಕೆ ಸೆರೆಯಾಗಿ ಬಂದ ನಾಯಕ ಅವನು. ಬಂದೀಖಾನೆಯ ಹೆಸರು ಬೈಲಿಯದು. ಮದಕರಿ ಎಲ್ಲಿ ಮಲಗಿದ್ದ, ಯಾವ ಕಿಂಡಿಯಿಂದ ಹೊಳೆ ನೋಡಿದ ಅಂತ ತೋರಿಸುವ ಒಂದು ಗೆರೆ ಚಿತ್ರ ಇಲ್ಲ. ಇದು ನನಗೆ ನಿಜವಾಗಿ ನೋವು ಕೊಡುವ ಸಂಗತಿ. ಚಿತ್ರದುರ್ಗದಲ್ಲಿ ಓಬವ್ವನ ಕಿಂಡಿಯ ಮುಂದೆ ನಿಂತಾಗ ಆಗುವ ರೋಮಾಂಚನ ಶ್ರೀರಂಗಪಟ್ಟಣದಲ್ಲಿ ಆಗಬೇಕಿತ್ತು, ಆಗುವುದಿಲ್ಲ.

ಹೋದ ವರ್ಷ ಮಾವನನ್ನು ಕರೆದುಕೊಂಡು ಕಬ್ಬಾಳದುರ್ಗಕ್ಕೆ ಹೋದೆ. ಕನಕಪುರ ತಾಲ್ಲೂಕು. ಕೆಳಗೆ ಕಬ್ಬಾಳಮ್ಮನ ಗುಡಿ, ಹರಕೆ ಹೊತ್ತ ಜನ, ತೆಂಗಿನಕಾಯಿ, ನಿಂಬೆಹಣ್ಣಿನ ರಾಶಿ. ಗುಡಿಯ ಹಿಂದೆ ಬೋಳು ಬಂಡೆಯ ಬೆಟ್ಟ. ಮೈಸೂರಿನವರು ದೊಡ್ಡ ದೊಡ್ಡ ಕೈದಿಗಳನ್ನು ಕಳಿಸುತ್ತಿದ್ದ ಜಾಗ ಇದೇ. ಅಲ್ಲಿನ ಗಾಳಿ, ನೀರು ಎರಡೂ ಕೆಟ್ಟದ್ದು ಅಂತ ಆಗ ಹೆಸರಾಗಿತ್ತು. ಕಳಿಸಿದರೆ ಸಾಕು, ಮಿಕ್ಕ ಕೆಲಸ ಬೆಟ್ಟವೇ ಮಾಡುತ್ತಿತ್ತು. 1732ರಲ್ಲಿ ಮೈಸೂರಿನ ಗದ್ದುಗೆಯೇರಿದ ಚಾಮರಾಜ ಒಡೆಯರನ್ನು ದಳವಾಯಿಗಳು ಇಳಿಸಿ ಇಲ್ಲಿಗೆ ಕಳಿಸಿದರು. 1734ರಲ್ಲಿ ಅವರು ಇಲ್ಲೇ ತೀರಿಕೊಂಡರು. ಒಬ್ಬ ರಾಜ, ತನ್ನದೇ ರಾಜ್ಯದ ಬೆಟ್ಟದ ಮೇಲೆ.

ಈ ಬೆಟ್ಟದ ಹಳೇ ಪ್ರಿಂಟ್ ನನ್ನ ಬಳಿ ಇಲ್ಲ. ಹಾಗಾಗಿ ಕೆಳಗೆ ನಿಂತು ಹೋಲಿಸುವ ಕೆಲಸವೂ ಇರಲಿಲ್ಲ. ಹತ್ತಿದೆವು. ಬಂಡೆ ತುಂಬ ಕಡಿದು. ಮಾವ ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಹತ್ತಿದರು, ನಾನು ಎರಡು ಕಡೆ ಕೂತುಕೊಂಡೇ ಮೇಲೆ ಸರಿದೆ. ತುದಿಯ ಹತ್ತಿರ ಗೋಡೆಯ ಕಲ್ಲುಗಳು ಸಾಲಾಗಿ ಉಳಿದಿವೆ. ಅಲ್ಲಿಂದ ತಿರುಗಿ ನೋಡಿದರೆ ಹೊಲ, ತೋಟ, ದಾರಿ, ಗುಡಿಯ ಮುಂದಿನ ಜನ, ಎಲ್ಲವೂ ಕಾಣುತ್ತದೆ. ತಮಟೆಯ ಸದ್ದೂ ಕೇಳುತ್ತದೆ. ಸೆರೆಯಲ್ಲಿದ್ದವನಿಗೆ ಕಂಡದ್ದು ಇದು. ಹೋಮ್ ಬರೆದ ಚಿತ್ರಗಳ ಉಲ್ಟಾ. ಮೇಲಿನಿಂದ ಕೆಳಕ್ಕೆ.

ಬಂಡೆಯ ದೊಣೆಯಲ್ಲಿ ಮಳೆನೀರು ನಿಂತಿತ್ತು. ಹಸಿರು ಪಾಚಿ, ಅದರ ಮೇಲೆ ಸಣ್ಣ ಸಣ್ಣ ಹುಳು. "ಇದೇನಾ ಆ ನೀರು?" ಅಂದರು ಮಾವ. "ಇರಬಹುದು ಮಾವ," ಅಂದೆ. ಅವರು ಕೂತು, ಪಾಚಿಯನ್ನು ಕೈಯಿಂದ ಸರಿಸಿ, ಒಂದು ಬೊಗಸೆ ನೀರು ಎತ್ತಿಕೊಂಡರು. ಮೂಗಿನ ಹತ್ತಿರ ತಂದು ಮೂಸಿದರು. ಏನೂ ಹೇಳದೆ ಹಾಗೇ ಬಂಡೆಯ ಮೇಲೆ ಚೆಲ್ಲಿದರು.